ಉಡಿಯಲ್ಲಿ ಹಸಿ ರೊಟ್ಟಿ

ಅವಳ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಹಳದಿಗಟ್ಟಿದ, ತುದಿ ದಪ್ಪಗಾದ ಆ ಒಂದು ಉಗುರನ್ನು ಮಾತ್ರ ಅವಳು ಕತ್ತರಿಸುತ್ತಿರಲಿಲ್ಲ. ಒಣಗಿದ ಖಡಕ್ ರೊಟ್ಟಿಯನ್ನು ಎಡಗೈಯಲ್ಲಿ ಕಿವಿಯ ಹತ್ತಿರ ಹಿಡಿದು ಅದರಿಂದ ಒಮ್ಮೆ ಚಿಮ್ಮುತ್ತಿದ್ದಳು. ಟಣ್ ಎಂದರೆ ಸರಿ. ಟಪ್ ಎಂದರೆ ನಡುವೆ ಇನ್ನೂ ಹಸಿ ಉಳಿದಿದೆ ಎಂದು ಅರ್ಥ. ಟಪ್ ಎಂದಾಗ ಅವಳು ತಲೆ ಎತ್ತಿ ನಮ್ಮ ಸಾಲಿನ ಕಡೆ ನೋಡುತ್ತಿದ್ದಳು. ರೊಟ್ಟಿ ತಟ್ಟುತ್ತಿದ್ದ ಇಪ್ಪತ್ತೆರಡು ಹೆಂಗಸರ ಕೈ ನಿಲ್ಲುತ್ತಿತ್ತು.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮ ಶೇಟ್ರ ಮನೆಯ ಹಿಂದೆ ಒಂದು ತಗಡಿನ ಪತ್ರಾ ಶೆಡ್ಡು ಇದೆ. ಅಲ್ಲಿ ಖಡಕ್ ರೊಟ್ಟಿ ಮಾಡಿ ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತೇವೆ. ಮಾಲೀಕರು ಶೇಟ್ರು, ಆದರೆ ಶೆಡ್ಡಿನೊಳಗೆ ನಡೆಯುತ್ತಿದ್ದದ್ದು ಅವಳ ಮಾತು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು, ನಾನೂ ಎನ್ನುತ್ತಿದ್ದೆ. ದೊಡ್ಡವಳು ಹೌದು, ಅಕ್ಕನ ಗುಣ ಮಾತ್ರ ಒಂದೂ ಇರಲಿಲ್ಲ. ಹೋದವರ ಬಗ್ಗೆ ಹಾಗೆಲ್ಲ ಮಾತಾಡಬಾರದು ಎಂದು ನನ್ನ ಅತ್ತೆ ಹೇಳುತ್ತಾಳೆ. ಅತ್ತೆ ಅವಳ ಕೈಕೆಳಗೆ ದುಡಿದಿಲ್ಲ.

ನಾನು ಮಂದ್ರೂಪದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹತ್ತನೆಯ ತನಕ ಓದಿದವಳು ಆ ಶೆಡ್ಡಿನಲ್ಲಿ ನಾನೊಬ್ಬಳೇ. ಮೊದಲ ದಿನ ದೊಡ್ಡಕ್ಕ ನನ್ನ ಬೆನ್ನ ಹಿಂದೆ ಕುಳಿತು, ನನ್ನ ಎರಡೂ ಮುಂಗೈ ಹಿಡಿದು ತಟ್ಟಿಸಿದಳು. ಚಿಕ್ಕಂದಿನಲ್ಲಿ ಬಾಗಿಲಿನ ಸಂದಿಗೆ ಸಿಕ್ಕು ನನ್ನ ಬಲಗೈ ಕಿರುಬೆರಳು ಸೊಟ್ಟಗಾಗಿದೆ. ಹಾಗಾಗಿ ನಾನು ತಟ್ಟಿದ ಪ್ರತಿ ರೊಟ್ಟಿಯ ಅಂಚಿನಲ್ಲೂ ಒಂದು ಕಡೆ ಸಣ್ಣ ತಗ್ಗು ಬೀಳುತ್ತದೆ. ಅವಳು ಅದನ್ನು ನೋಡಿ, "ಇರಲಿ, ಗುರುತು ಆತು," ಅಂದಳು. ಪ್ರತಿಯೊಬ್ಬಳ ಕೈಗೂ ಒಂದು ಅಂಚು ಇರುತ್ತದೆ. ನೂರು ರೊಟ್ಟಿ ಬೆರೆಸಿಟ್ಟರೂ ಇದು ಯಾರದು, ಅದು ಯಾರದು ಎಂದು ದೊಡ್ಡಕ್ಕ ಬೇರೆ ಮಾಡುತ್ತಿದ್ದಳು. ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ.

ಕಲಿಸುವಾಗ ಅವಳದೊಂದು ಪದ್ಧತಿ ಇತ್ತು. "ದಿನಾ ಒಂದ ತಪ್ಪು ಹೇಳತೀನಿ. ಎರಡನೇದು ನಾಳಿಗೆ," ಅನ್ನುತ್ತಿದ್ದಳು. ಮೊದಲ ದಿನ ನೀರಿನ ಬಿಸಿ, ಮರುದಿನ ನಾದುವ ಕೈ, ಅದರ ಮರುದಿನ ತವಾದ ಉರಿ. ನನ್ನ ರೊಟ್ಟಿಯಲ್ಲಿ ಹತ್ತು ತಪ್ಪಿದ್ದರೂ ಒಂಬತ್ತನ್ನು ನುಂಗಿಕೊಂಡು ಒಂದನ್ನೇ ಹೇಳುತ್ತಿದ್ದಳು. ಹದಿನೈದು ದಿನದಲ್ಲಿ ನನ್ನ ರೊಟ್ಟಿ ಟಣ್ ಎಂದಿತು. ಆಗಲೂ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಲಿಲ್ಲ. "ಹೊಗಳಿದ್ರ ಕೈ ಸಡಲ ಬೀಳತಾವ," ಎಂಬುದು ಅವಳ ನಂಬಿಕೆ. ಇಡೀ ಆಯುಷ್ಯದಲ್ಲಿ ಅವಳು ಯಾರ ಕೈಯನ್ನೂ ಸಡಿಲ ಬೀಳಲು ಬಿಡಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಖಡಕ್ ಮನುಷ್ಯರು ಎಲ್ಲ ಕಡೆ ಇರುತ್ತಾರೆ. ದೊಡ್ಡಕ್ಕ ಒಂದು ಶಿಕ್ಷೆ ಕಂಡುಹಿಡಿದಿದ್ದಳು, ಅದಕ್ಕೆ ಉಡಿ ತುಂಬುವುದು ಎಂದು ಹೆಸರಿಟ್ಟಿದ್ದಳು. ನಮ್ಮಲ್ಲಿ ಮುತ್ತೈದೆಗೆ ಅಕ್ಕಿ, ಕೊಬ್ಬರಿ, ಕುಪ್ಪಸ ಇಟ್ಟು ಉಡಿ ತುಂಬುತ್ತಾರೆ, ಹೊಟ್ಟೆ ತಣ್ಣಗಿರಲಿ, ಮನೆ ತುಂಬಿರಲಿ ಎಂದು. ಇವಳು ಹಸಿ ಉಳಿದ ರೊಟ್ಟಿ ಆರಿಸಿ, ತಟ್ಟಿದವಳನ್ನು ಎಲ್ಲರ ನಡುವೆ ನಿಲ್ಲಿಸಿ, ಸೆರಗು ಒಡ್ಡಿಸಿ, ಅದರೊಳಗೆ ಒಂದೊಂದಾಗಿ ಹಾಕುತ್ತಿದ್ದಳು. ಉಳಿದವರು ಕೈ ಬಿಟ್ಟು ನೋಡಬೇಕು. ಅವನ್ನು ಅಲ್ಲೇ ಇಟ್ಟು ಹೋಗುವಂತಿಲ್ಲ. ಉಡಿಯಲ್ಲಿ ಕಟ್ಟಿಕೊಂಡು ರಸ್ತೆಯಲ್ಲಿ ನಡೆದು, ಬಸ್ ಹತ್ತಿ ಊರಿಗೆ ಒಯ್ಯಬೇಕು. ಊರಿನವರು ಏನವಾ ಉಡಿಯಾಗ ಎಂದು ಕೇಳುತ್ತಿದ್ದರು. ಏನು ಹೇಳಬೇಕು?

ನನ್ನ ಪಕ್ಕದ ತವಾ ಮಾಳವ್ವಂದು. ಕಂದಲಗಾಂವದ ಕುರಿ ಸಾಕುವ ಮನೆಯ ಸೊಸೆ, ಬೀರೋಬಾ ದೇವರ ಒಕ್ಕಲು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅಮಾವಾಸ್ಯೆಗೊಮ್ಮೆ ಗುಡಿಗೆ ಹೋಗಿ ಬರುತ್ತಿದ್ದಳು, ಅದರ ಮಾತು ಮಾತ್ರ ಎಂದೂ ಆಡುತ್ತಿರಲಿಲ್ಲ. ನಾವಿಬ್ಬರೂ ಒಂದೇ ಸ್ಟಾಪಿನಲ್ಲಿ ನಿಂತು ಒಂದೇ ಬಸ್ ಹತ್ತುತ್ತಿದ್ದೆವು. ಅವಳು ತಂದ ಬೆಣ್ಣೆ ನಾನು ತಿನ್ನುತ್ತಿದ್ದೆ, ನಾನು ತಂದ ಪುಂಡಿಪಲ್ಯ ಅವಳು ತಿನ್ನುತ್ತಿದ್ದಳು. ಗೆಳತಿಯರು ಎಂದು ಗೊತ್ತಾದರೆ ದೊಡ್ಡಕ್ಕ ಜಾಗ ಬದಲಿಸುತ್ತಾಳೆಂದು ಶೆಡ್ಡಿನೊಳಗೆ ಮಾತು ಕಡಿಮೆ ಆಡುತ್ತಿದ್ದೆವು.

ಅದು ಗುರುಪೌರ್ಣಿಮೆಯ ಹಿಂದಿನ ವಾರ. ಆಗ ಅಕ್ಕಲಕೋಟೆಗೆ ಪುಣೆ ಮುಂಬೈ ಕಡೆಯ ಭಕ್ತರು ಕಿಕ್ಕಿರಿದು ಬರುತ್ತಾರೆ, ಗುಡಿಯ ಮುಂದಿನ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತದೆ. ವರ್ಷದ ದೊಡ್ಡ ಕೆಲಸ ಅದೇ. ಹೊರಗೆ ಜಿಟಿಜಿಟಿ ಮಳೆ, ರೊಟ್ಟಿ ಒಣಗುವುದೇ ಕಷ್ಟ. ಅಂಗಡಿಯವರ ಚೀಟಿ ಓದಿ ಮಾಲು ಹೊಂದಿಸುವ ಕೆಲಸವೂ ನನ್ನದಾಗಿದ್ದರಿಂದ ಆ ದಿನ ನಾನು ಗಡಬಡಿಯಲ್ಲಿದ್ದೆ. ಒಲೆಯ ಕಾವಿಗೆ ಅಡ್ಡಣಿಗೆಯ ಮೇಲೆ ಒಣಗಲು ಇಟ್ಟಿದ್ದ ಕಡೆಯ ರೊಟ್ಟಿಗಳನ್ನು ಪೂರ್ತಿ ಒಣಗುವ ಮುಂಚೆ ತೆಗೆದೆ. ನನ್ನ ಬುಟ್ಟಿ ತುಂಬಿತ್ತು, ಮಾಳವ್ವನ ಬುಟ್ಟಿಯಲ್ಲಿ ಜಾಗ ಇತ್ತು, ಅವಳು ನೀರಿಗೆ ಹೋಗಿದ್ದಳು. ಅದರ ಮೇಲೆ ಇಟ್ಟುಬಿಟ್ಟೆ. ರೊಟ್ಟಿ ತಟ್ಟುವವರಿಗೆ ಗೊತ್ತಿರುವ ಮಾತು ಇದು: ಬಿಸಿ ಆರದ ಹಸಿ ರೊಟ್ಟಿಯನ್ನು ಒಣ ರೊಟ್ಟಿಯ ಮೇಲಿಟ್ಟರೆ ಅದರ ಬೆವರಿಗೆ ಕೆಳಗಿನವೆಲ್ಲ ಮೆತ್ತಗಾಗುತ್ತವೆ. ನನಗೂ ಗೊತ್ತಿತ್ತು. ಆದರೂ ಇಟ್ಟೆ.

ಮಧ್ಯಾಹ್ನ ದೊಡ್ಡಕ್ಕ ಆ ಬುಟ್ಟಿಯ ಬಟ್ಟೆ ತೆಗೆದು ಮೇಲಿನ ರೊಟ್ಟಿ ಚಿಮ್ಮಿದಳು. ಟಪ್. ಇನ್ನೊಂದು, ಟಪ್. ಬುಡದ ತನಕ ಕೈ ಹಾಕಿ ನೋಡಿದಳು. ಇಡೀ ಬುಟ್ಟಿ ಕೆಟ್ಟಿತ್ತು.

"ಮಾಳವ್ವಾ, ಬಾ. ಉಡಿ ಒಡ್ಡು."

ಮಾಳವ್ವ ಎದ್ದು ಬಂದು ಸೆರಗು ಒಡ್ಡಿದಳು. ದೊಡ್ಡಕ್ಕ ಮೇಲಿನ ರೊಟ್ಟಿಗಳಿಂದಲೇ ಶುರು ಮಾಡಿದಳು. ಹಾಕುತ್ತ ಹಾಕುತ್ತ, ಎಲ್ಲರಿಗೂ ಕೇಳುವ ಹಾಗೆ, "ದೇವರಂತೂ ತುಂಬಲಿಲ್ಲ. ನಾನರ ತುಂಬತೀನಿ, ತಗೋ," ಅಂದಳು.

ಆ ಮಾತಿಗೆ ಶೆಡ್ಡಿನಲ್ಲಿ ಯಾರೋ ಒಬ್ಬಳು ನಕ್ಕಳು. ಮಾಳವ್ವ ತನ್ನ ಸೆರಗಿನಲ್ಲಿ ಬಿದ್ದಿದ್ದನ್ನು ನೋಡಿದಳು. ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಹಿಟ್ಟಿನ ಮುದ್ದೆ ತೆಗೆದುಕೊಂಡು ತಟ್ಟತೊಡಗಿದೆ. ನನ್ನ ಕೈ ಸದ್ದು ಒಂದೇ ಕೇಳುತ್ತಿತ್ತು, ಅದು ಇಂದಿಗೂ ನೆನಪಿದೆ. ಆ ಸಂಜೆ ಚೀಟಿ ಬರೆಯುವ ನೆಪ ಹೇಳಿ ತಡವಾಗಿ ಹೊರಟೆ, ಅವಳ ಜೊತೆ ಸ್ಟಾಪಿನಲ್ಲಿ ನಿಲ್ಲುವ ಧೈರ್ಯ ಇರಲಿಲ್ಲ. ಮರುದಿನ ಮಾಳವ್ವ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಮೇಲೆ ಅವಳ ತವಾ ಬೇರೆಯವಳಿಗೆ ಹೋಯಿತು.

ನನ್ನ ಸಿಟ್ಟನ್ನೆಲ್ಲ ನಾನು ದೊಡ್ಡಕ್ಕನ ಮೇಲೆ ಇಟ್ಟೆ. ಅದು ಸುಲಭವಾಗಿತ್ತು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಅವಳ ಎದುರಿಗೆ ಹೂಂರಿ, ಹಾಂರಿ ಎನ್ನುತ್ತ ಏಳು ವರ್ಷ ದುಡಿದೆ. ಅವಳು ಮಂಡಿನೋವಿಗೆ ಕೆಲಸ ಬಿಟ್ಟು ಅಕ್ಕಲಕೋಟೆಗೆ ಅಣ್ಣನ ಮಗಳ ಮನೆಗೆ ಹೋಗುವಾಗ ಶೇಟ್ರಿಗೆ ನನ್ನ ಹೆಸರು ಹೇಳಿ ಹೋದಳು. ಅವಳ ಖುರ್ಚಿಯ ಮೇಲೆ ಕುಳಿತ ದಿನವೇ ನಾನು ಉಡಿ ತುಂಬುವುದನ್ನು ನಿಲ್ಲಿಸಿದೆ. ಗೋಡೆಯ ಹತ್ತಿರ ಒಂದು ಪ್ಲಾಸ್ಟಿಕ್ ಕ್ರೇಟ್ ಇಡಿಸಿ, "ಹಸಿ ಉಳಿದಿದ್ದು ಇದರಾಗ ಹಾಕ್ರಿ, ಯಾರದಂತ ನಾ ಕೇಳೂದಿಲ್ಲ," ಅಂದೆ. ನಾನು ಎಷ್ಟು ಒಳ್ಳೆಯವಳು ಎಂದು ನನಗೇ ಹೆಮ್ಮೆಯಾಯಿತು. ಆ ಕ್ರೇಟ್ ನಾಲ್ಕು ವರ್ಷ ಖಾಲಿಯೇ ಇತ್ತು. ಹಸಿ ರೊಟ್ಟಿಗಳನ್ನು ಬುಟ್ಟಿಯ ನಡುವೆ ಅಡಗಿಸುತ್ತಿದ್ದರು, ಅಂಗಡಿಯವರು ವಾಪಸ್ ಕಳಿಸುತ್ತಿದ್ದರು. ಇಷ್ಟು ಮೆತ್ತಗೆ ಮಾತಾಡಿದರೂ ಇವರು ನನ್ನನ್ನು ಯಾಕೆ ನಂಬುವುದಿಲ್ಲ ಎಂದು ಸಿಡುಕುತ್ತಿದ್ದೆ.

ಕಳೆದ ವರ್ಷ ಶೇಟ್ರ ಮಗ ನನ್ನನ್ನು ಒಂದು ಟ್ರೇನಿಂಗಿಗೆ ಕಳಿಸಿದ. ಹೋಟೆಲ್ಲಿನ ಹಾಲ್, ತಣ್ಣಗೆ ಎ.ಸಿ., ಪುಣೆಯಿಂದ ಬಂದ ಕೋಟು ಹಾಕಿದ ಸಾಹೇಬ. ಕೈಕೆಳಗಿನವರನ್ನು ನಡೆಸುವುದು ಹೇಗೆ ಎಂದು ಮರಾಠಿಯಲ್ಲಿ ಪಾಠ ಮಾಡಿದ. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ ಎಂದ. ನಮ್ಮ ಹೆಂಗಸರಿಗೆ ಹಾಗೆ ಮಾಡಿದರೆ ನಡುವಿನದು ಯಾವಾಗ ಬರುತ್ತದೆ ಎಂದು ಮೊದಲ ಹೊಗಳಿಕೆಗೇ ಬೆವರುತ್ತಾರೆ. ಕೊನೆಗೆ ಅವನು, ನಿಮಗೆ ಕೆಲಸ ಕಲಿಸಿದ ಒಬ್ಬರನ್ನು ಈ ವಾರವೇ ಕಂಡು ಧನ್ಯವಾದ ಹೇಳಿ ಬನ್ನಿ, ಅವರ ಜೊತೆ ಫೋಟೋ ತೆಗೆದು ಗ್ರೂಪಿಗೆ ಹಾಕಿ ಎಂದ. ಫೋಟೋ ಎಲ್ಲಿ ಎಂದು ಶೇಟ್ರ ಮಗ ಅದೇ ವಾರ ಎರಡು ಸಲ ಕೇಳಿದ. ಧನ್ಯವಾದ ಹೇಳಲು ಅಲ್ಲ, ಕೇಳಬೇಕಾದದ್ದು ಒಂದು ಉಳಿದಿತ್ತು ಎಂದು ಅಕ್ಕಲಕೋಟೆಯ ಬಸ್ ಹತ್ತಿದೆ.

ಗುಡಿಯ ಹಿಂದಿನ ಓಣಿಯಲ್ಲಿ ಮನೆ. ದೊಡ್ಡಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಅರ್ಧ ಇಳಿದುಹೋಗಿದ್ದಳು. ಉಗುರು ಮಾತ್ರ ಹಾಗೇ ಇತ್ತು.

"ಯಾರವಾ?"

"ನಾನರಿ, ಮಂದ್ರೂಪದಾಕಿ."

"ಸೊಟ್ಟ ಬೆರಳಿನಾಕಿ," ಅಂದಳು. ನಾನು ಒಯ್ದಿದ್ದ ರೊಟ್ಟಿಯ ಪೊಟ್ಟಣ ಬಿಚ್ಚಿ ಒಂದನ್ನು ಕಿವಿಯ ಹತ್ತಿರ ಹಿಡಿದು ಚಿಮ್ಮಿದಳು. ಟಣ್ ಎಂದಿತು. ಏನೂ ಹೇಳದೆ ಪಕ್ಕಕ್ಕಿಟ್ಟಳು.

ನಾನು ಕುಶಲ ಕೇಳಲಿಲ್ಲ. "ಮಾಳವ್ವನ ಉಡಿ ತುಂಬಿದ್ರಿ. ನೆನಪೈತೇನ್ರಿ?" ಅಂದೆ.

"ಐತಿ."

"ಅವು ಆಕಿವು ಅಲ್ಲರಿ."

"ಗೊತ್ತೈತಿ. ನಿನ್ನವು."

ಅವಳ ಅಣ್ಣನ ಮಗಳು ಚಹಾ ತಂದಿಟ್ಟು ಹೋದಳು. ಗೊತ್ತಿರದೆ ಇರುತ್ತದೆಯೇ? ನೂರರಲ್ಲಿ ಒಂದು ಅಂಚು ಗುರುತಿಸುವವಳು ಅವಳು. ಹನ್ನೊಂದು ವರ್ಷ ನಾನು ಈ ಲೆಕ್ಕಕ್ಕೇ ಹೋಗಿರಲಿಲ್ಲ, ಹೋಗಲು ಮನಸ್ಸಿರಲಿಲ್ಲ.

"ಗೊತ್ತಿದ್ದೂ ಆಕಿ ಉಡಿಗ್ಯಾಕ ಹಾಕಿದ್ರಿ?"

"ನಿನ್ನ ಉಡಿಗಿ ಹಾಕಿದ್ರ ನೀ ಮರುದಿನ ಬರತಿದ್ದಿಲ್ಲ. ಓದಾಕ ಬರಿಯಾಕ ಬರುವಾಕಿ ನೀ ಒಬ್ಬಾಕಿ. ಆಕಿ ಹೋದ್ರ ಒಂದ ತವಾ ಖಾಲಿ ಆಕ್ಕೈತಿ. ನೀ ಹೋದ್ರ ಅಕ್ಕಲಕೋಟಿ ಮಾಲ ನಿಲ್ಲತೈತಿ."

"ಹಂಗಿದ್ರ ಯಾರ ಉಡಿನೂ ತುಂಬಬಾರದಿತ್ತರಿ."

"ಯಾರದರ ತುಂಬಬೇಕಾಗಿತ್ತು. ಎಲ್ಲಾರೂ ನೋಡಾಕತ್ತಿದ್ರು." ಚಹಾ ಬಸಿಗೆ ಸುರುವಿಕೊಂಡು ನಿಧಾನವಾಗಿ ಕುಡಿದಳು. "ನೀ ತಲಿ ತಗ್ಗಿಸಿ ತಟಗೊಂತ ಕುಂತಿ. ಆವತ್ತ ನನಗ ಖಾತ್ರಿ ಆತು, ನನ್ನ ಹಿಂದ ಈಕಿ ನಡಸ್ತಾಳಂತ."

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಒಂದೇ ಹೊಗಳಿಕೆ ಅದು. ನನ್ನ ಚಹಾ ಮುಟ್ಟದೆ ಪಕ್ಕಕ್ಕೆ ಸರಿಸಿದೆ. ಏಳುವಾಗ, "ಆಕಿ ಮುಂದ ಹೋಗಿ ಹೇಳತೀನಿ," ಅಂದೆ.

"ಹೇಳಬ್ಯಾಡ. ಖುರ್ಚಿ ಮ್ಯಾಲ ಕುಂತಾಕಿ ತಪ್ಪು ನಂದು ಅಂತ ಒಮ್ಮೆ ಅಂದ್ಳಂದ್ರ ಮುಗೀತು. ಮತ್ತ ಒಬ್ಬಾಕಿನೂ ನಿನ್ನ ಮಾತು ಕೇಳೂದಿಲ್ಲ."

ಫೋಟೋ ತೆಗೆಯಲಿಲ್ಲ. ಒಂದು ತಿಂಗಳಿಗೆ ಅವಳು ಹೋದ ಸುದ್ದಿ ಬಂತು. ಶೇಟ್ರ ಜೊತೆ ಕಾರಿನಲ್ಲಿ ಹೋಗಿ ಹಾರ ಹಾಕಿ ಬಂದೆ. ಅಳು ಬರಲಿಲ್ಲ, ತರಿಸಿಕೊಳ್ಳಲೂ ಇಲ್ಲ. ಆದರೆ ಅವಳ ಕೊನೆಯ ಮಾತು ನನ್ನ ಕಾಲಿಗೆ ಕಟ್ಟಿಕೊಂಡಿತ್ತು. ಮೂವತ್ತು ಹೆಂಗಸರ ಕೆಲಸ ನನ್ನ ಮಾತಿನ ಮೇಲೆ ನಡೆಯುತ್ತದೆ. ಆ ಮಾತೇ ಹೋದರೆ ನನ್ನದೇನು ಉಳಿಯುತ್ತದೆ? ಹೆದರಿ ಹೆದರಿ ಮತ್ತೆ ಮೂರು ವಾರ ಕಳೆದು, ಒಂದು ರಜೆಯ ದಿನ ಕಂದಲಗಾಂವಕ್ಕೆ ಹೋದೆ.

ಮಾಳವ್ವ ಹಟ್ಟಿಯಲ್ಲಿ ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಕೂಡು ಎಂದು ಕಣ್ಣಿನಿಂದಲೇ ಕಂಬಳಿ ತೋರಿಸಿದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ಆವತ್ತಿನ ರೊಟ್ಟಿ ನನ್ನವಿದ್ದು," ಅಂದೆ.

"ಗೊತ್ತೈತಿ."

"ಯಾರು ಹೇಳಿದ್ರು?"

"ಯಾರ ಹೇಳಬೇಕ? ಉಡಿಗಿ ಬಿದ್ದ ಕೂಡ್ಲೆ ನೋಡಿದೆ. ನನ್ನ ಕೈ ನನಗ ಗೊತ್ತಿಲ್ಲೇನು? ನಿನ್ನ ಸೊಟ್ಟ ಬೆರಳ ಗೊತ್ತಿಲ್ಲೇನು?"

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನೀ ಹೇಳತಿ ಅಂತ ನಿಂತಿದ್ದೆ." ಮರಿಯ ಬಾಯಿಯಿಂದ ಬಾಟಲಿ ತೆಗೆದು ಒರೆಸಿದಳು. "ಅಲ್ಲಿ ಹೇಳಲಿಲ್ಲ, ಸ್ಟಾಪಿನಾಗರ ಬಂದು ಹೇಳತಿ ಅಂತ ಎರಡ ಬಸ್ ಬಿಟ್ಟೆ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಮಾಫ ಮಾಡವಾ ಎಂದಾಗ ಮಾತ್ರ ನನ್ನ ಕಡೆ ತಿರುಗಿದಳು.

"ಇಲ್ಲಿ ಕುರಿ ಮುಂದ ಹೇಳಿದ್ರ ಏನ ಬಂತು? ನನ್ನ ಉಡಿ ಇಲ್ಲಿ ತುಂಬಿಲ್ಲ."

"ನೀ ಬಾ. ನಿನ್ನ ಎದುರಿಗೆ, ಎಲ್ಲಾರ ಮುಂದ ಹೇಳತೀನಿ."

"ನಾ ಆ ಶೆಡ್ಡಿಗೆ ಕಾಲಿಡೂದಿಲ್ಲ. ನೀನ ಹೇಳು. ಹೇಳದಿದ್ರ ಮತ್ತ ಇಲ್ಲಿಗೆ ಬರಬ್ಯಾಡ."

ಸೋಮವಾರ ಬೆಳಿಗ್ಗೆ ಹಿಟ್ಟು ಕಲಸುವ ಮುಂಚೆ ತವಾಗಳ ನಡುವೆ ಹೋಗಿ ನಿಂತೆ. ದೊಡ್ಡಕ್ಕ ಉಡಿ ತುಂಬುತ್ತಿದ್ದ ಜಾಗ ಅದೇ. ಆ ಕಾಲದವರು ಏಳು ಜನ ಉಳಿದಿದ್ದರು, ಉಳಿದವರಿಗೆ ಮಾಳವ್ವ ಯಾರೆಂದೇ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ. ಗಡಬಡಿಯಲ್ಲಿ ರೊಟ್ಟಿ ತೆಗೆದದ್ದು, ಅವಳ ಬುಟ್ಟಿಯಲ್ಲಿ ಇಟ್ಟದ್ದು, ಅವಳು ನೋಡಿದಾಗ ತಲೆ ತಗ್ಗಿಸಿದ್ದು, ಸ್ಟಾಪಿಗೆ ಹೋಗದೆ ತಪ್ಪಿಸಿಕೊಂಡದ್ದು. "ತಪ್ಪು ನಂದು. ಮಾಳವ್ವಂದು ಏನೂ ಇದ್ದಿಲ್ಲ," ಅಂದೆ.

ಆಮೇಲೆ ಮೊದಲ ಸಾಲಿನ ಮುದುಕಿ ಒಬ್ಬಳು ಹಿಟ್ಟು ನಾದುವ ಪರಾತದ ಅಂಚು ಒರೆಸುತ್ತ, "ನಾನೂ ಆ ಅಂಚ ನೋಡಿದ್ದೆ. ನಾನೂ ಸುಮ್ಮ ಕುಂತಿದ್ದೆ," ಅಂದಳು. ಯಾರೂ ನನ್ನನ್ನು ಬಯ್ಯಲಿಲ್ಲ. ಯಾರೂ ಪರವಾಗಿಲ್ಲ ಎಂದೂ ಹೇಳಲಿಲ್ಲ. ಹಿಟ್ಟು ಕಲಸಿದರು, ತವಾ ಇಟ್ಟರು. ಇನ್ನು ಇವರು ನನ್ನ ಮಾತು ಕೇಳುವುದಿಲ್ಲ ಎಂದು ಇಡೀ ದಿನ ಖುರ್ಚಿಯ ತುದಿಯಲ್ಲಿ ಕುಳಿತಿದ್ದೆ.

ಮರುದಿನ ಮಧ್ಯಾಹ್ನ ಮೂರನೆಯ ಸಾಲಿನ ಹೆಂಗಸು ಎದ್ದು ನನ್ನ ಹತ್ತಿರ ಬಂದಳು. ಎರಡು ವರ್ಷದಿಂದ ಇರುವವಳು, ನನ್ನ ಜೊತೆ ತಾನಾಗಿ ಎಂದೂ ಮಾತಾಡಿದವಳಲ್ಲ. ಕೈಯಲ್ಲಿ ಐದು ರೊಟ್ಟಿ ಇದ್ದವು. ಎಲ್ಲರೂ ತಟ್ಟುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಇವು ನನ್ನವರಿ," ಅಂದಳು. "ನಡುವ ಹಸಿ ಉಳದಾವ. ಬುಟ್ಟಿಗಿ ಹಾಕಿಲ್ಲ."

ಒಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನ ಉಗುರಿನಿಂದ ಚಿಮ್ಮಿದೆ. ಟಪ್ ಎಂದಿತು. ಅದರಲ್ಲಿ ಇನ್ನೂ ಎರಡು ಮೂರು ತಪ್ಪು ಕಣ್ಣಿಗೆ ಬಿದ್ದವು, ನುಂಗಿಕೊಂಡೆ.

"ತವಾ ಜಾಸ್ತಿ ಕಾದೈತಿ. ಮ್ಯಾಲ ಸುಟ್ಟು ಒಳಗ ಉಳದೈತಿ. ಇವತ್ತಿಗೆ ಇದೊಂದ ನೋಡಕೊ," ಅಂದೆ. ಅವಳು ಹೂಂರಿ ಎಂದು ಹೋಗಿ ಕುಳಿತಳು. ಆ ಐದು ರೊಟ್ಟಿಗಳನ್ನು ಕ್ರೇಟಿನಲ್ಲಿ ಇಟ್ಟೆ.

ನನ್ನ ಆ ಉಗುರು ಎಷ್ಟು ಉದ್ದ ಬೆಳೆದಿದೆ ಎಂದು ಆಗ ನೋಡಿಕೊಂಡೆ. ಕತ್ತರಿಸಿಲ್ಲ, ಕೆಲಸಕ್ಕೆ ಬೇಕು. ಆ ಉಗುರು, ರೊಟ್ಟಿ ಕೇಳುವ ಈ ಕಿವಿ, ದಿನಕ್ಕೊಂದು ತಪ್ಪು, ಇಷ್ಟು ಅವಳದು ನನ್ನ ಹತ್ತಿರ ಇದೆ. ಇಲ್ಲ ಎನ್ನುವುದಿಲ್ಲ. ಉಳಿದದ್ದನ್ನೆಲ್ಲ ಅವಳೇ ಒಯ್ಯಲಿ.